ಹೊಂಬಾಳಮ್ಮ ಹೇಳದ ಮಾತು

“ಹೊಂಬಾಳಮ್ಮನವರೇ, ನಿಮಗೆ ಮಕ್ಕಳೆಷ್ಟು?”

ರಂಗನಾಯಕಿ ಅದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದಳು. ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದ ಮುದುಕಿಯ ಕಣ್ಣು ಎದುರು ಗೋಡೆಯ ಮೇಲೆ ನೆಟ್ಟಿತ್ತು. ಬಲಗೈ ಮಡಿಲಲ್ಲಿ ಜೀವವಿಲ್ಲದಂತೆ ಬಿದ್ದಿತ್ತು. ತುಟಿಯ ಒಂದು ಕೊನೆ ಜೋತುಹೋಗಿತ್ತು.

“ನೋಡುದ್ರಲ್ಲಾ ಲಾಯರಮ್ಮ,” ಎಂದ ಮಗ ಜವರಯ್ಯ. ಅವನು ಮಂಚದ ತಲೆದೆಸೆಯಲ್ಲಿ ನಿಂತಿದ್ದ. “ನಾಕು ತಿಂಗ್ಳಿಂದ ಇಂಗೇಯ. ನಾನ್ಯಾರು ಅಂತ್ಲೂ ಗೊತ್ತಾಗಕಿಲ್ಲ.”

“ಸುಳ್ಳು ಕಣಮ್ಮ!” ಕಾಲದೆಸೆಯಲ್ಲಿದ್ದ ಮಗಳು ಬೆಟ್ಟಮ್ಮ ಸರಕ್ಕನೆ ಎದ್ದಳು. “ನಮ್ಮವ್ವಂಗೆ ಗ್ಯಾನ ಅದೆ. ಇವನೇ ಬಾಯಿ ಮುಚ್ಚುಸವ್ನೆ. ತಳ್ದೋನೂ ಇವನೇ, ಈಗ ಗಾರ್ಡಿಯನ್ ಆಯ್ತೀನಿ ಅನ್ನೋನೂ ಇವನೇ!”

“ಬಾಯಿ ಮುಚ್ಚು ಬೆಟ್ಟಿ.”

“ಯಾಕ್ ಮುಚ್ಚಲಿ?”

ರಂಗನಾಯಕಿ ಪೆನ್ನನ್ನು ಕಾಗದದ ಮೇಲಿಟ್ಟು ಇಬ್ಬರನ್ನೂ ನೋಡಿದಳು. ಅವಳು ಮಂಡ್ಯದಲ್ಲಿ ಎಂಟು ವರ್ಷದಿಂದ ವಕೀಲಿ ಮಾಡುತ್ತಿದ್ದವಳು. ಕಿರುಗಾವಲಿನ ಈ ಮನೆಗೆ ಯಾರ ಪರವಾಗಿಯೂ ಬಂದಿರಲಿಲ್ಲ. ಹೊಂಬಾಳಮ್ಮನಿಗೆ ಬುದ್ಧಿ ಸ್ವಾಧೀನದಲ್ಲಿದೆಯೇ ಇಲ್ಲವೇ ಎಂದು ಕಣ್ಣಾರೆ ಕಂಡು ವರದಿ ಕೊಡಲು ನ್ಯಾಯಾಧೀಶರು ಅವಳನ್ನು ಕಮಿಷನರ್ ಆಗಿ ಕಳಿಸಿದ್ದರು. ಇಲ್ಲ ಎಂದಾದರೆ ಪಾಲಕರು ಯಾರಾಗಬೇಕು ಎಂಬುದು ಆಮೇಲಿನ ಮಾತು. ತಾನೇ ಆಗಬೇಕೆಂದು ಅಣ್ಣ ಅರ್ಜಿ ಹಾಕಿದ್ದ; ತಾಯಿಗೆ ಬುದ್ಧಿ ಇದೆ, ನೇಮಿಸುವುದೇ ಆದರೆ ತನ್ನನ್ನು ನೇಮಿಸಿ ಎಂದು ತಂಗಿ ಎದುರು ಅರ್ಜಿ ಹಾಕಿದ್ದಳು.

ಪಾಲಕರಾದವರ ಮಾತೇ ಇನ್ನು ಮುಂದೆ ಹೊಂಬಾಳಮ್ಮನ ಮಾತು. ಅದರಲ್ಲೇ ಎಲ್ಲ ಇತ್ತು.

ಎರಡು ವರ್ಷದ ಹಿಂದೆ ಹೊಸ ಭೂ ಕಾನೂನು ಬಂದು, ಉಳುವವನಿಗೇ ನೆಲ ಎಂದಾಗಿತ್ತು. ಈ ಮನೆಯ ನಾಲೆ ಬದಿಯ ಎರಡು ಎಕರೆ ಗದ್ದೆಯನ್ನು ಮೂವತ್ತು ವರ್ಷದಿಂದ ವಾರಕ್ಕೆ ಮಾಡುತ್ತಿದ್ದವನು ಕೆಂಪಸಿದ್ದಯ್ಯ. ಬೆಳೆದದ್ದರಲ್ಲಿ ಅರ್ಧ ಇವರಿಗೆ, ಅರ್ಧ ಅವನಿಗೆ. ಅವನು ಮಳವಳ್ಳಿಯ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದ. ಸಾಕ್ಷಿಗೆ ಕಾಗದವಿರಲಿಲ್ಲ. ಹೊಂಬಾಳಮ್ಮನ ಗಂಡ ತಿಮ್ಮಯ್ಯ ಬದುಕಿದ್ದಾಗ ಬರೆದಿಟ್ಟ ಒಂದು ಗೇಣಿ ಚೀಟಿ ಮಾತ್ರ ಇತ್ತು. ಅದೂ ಇವರ ಅಟ್ಟದ ಪೆಟ್ಟಿಗೆಯಲ್ಲಿ. “ಸಿದ್ದಯ್ಯ ಗೇದದ್ದು ನಿಜ. ನಾನೇ ಬಂದು ಯೋಳ್ತೀನಿ, ಚೀಟಿನೂ ತತ್ತೀನಿ,” ಎಂದು ಹೊಂಬಾಳಮ್ಮ ಊರೆಲ್ಲ ಕೇಳುವ ಹಾಗೆ ಹೇಳಿದ್ದಳಂತೆ. ವಿಚಾರಣೆಯ ಹಿಂದಿನ ದಿನ ಅಟ್ಟದಿಂದ ಬಿದ್ದಳು. ತಲೆಗೆ ಪೆಟ್ಟು, ಬಲಭಾಗ ಸ್ವಾಧೀನ ತಪ್ಪಿತು, ಮಾತು ಹೋಯಿತು. ಚೀಟಿ ಸಿಕ್ಕಲಿಲ್ಲ.

“ನೀವಿಬ್ಬರೂ ಆಚೆ ಇರಿ,” ಎಂದಳು ರಂಗನಾಯಕಿ. “ಕೋರ್ಟಿನ ಅಪ್ಪಣೆ ಇದೆ. ನಾನು ಇವರೊಬ್ಬರ ಹತ್ತಿರವೇ ಮಾತಾಡಬೇಕು.”

ಬೆಟ್ಟಮ್ಮ ದಡದಡ ಹೊರಟುಹೋದಳು. ಜವರಯ್ಯ ತಾಯಿಯ ಹೆಗಲ ಮೇಲಿನ ಸೆರಗು ಸರಿಮಾಡಿ, ತಂಗಿ ಹೋದ ದಿಕ್ಕನ್ನು ಒಮ್ಮೆ ನೋಡಿ, ಬಾಗಿಲು ಮುಂದೆಳೆದುಕೊಂಡ.

ಮೂಲೆಯಲ್ಲಿ ಅಂಕಮ್ಮ ಕುಳಿತಿದ್ದಳು. ಪಕ್ಕದ ಮನೆಯವಳು, ಹೊಂಬಾಳಮ್ಮನ ವಾರಗೆಯವಳು. ದಿನಾ ಬಂದು ಮೈ ತೊಳೆಸಿ ಸೀರೆ ಬದಲಿಸಿ ಹೋಗುತ್ತಿದ್ದಳು.

“ಬೆನ್ನಲ್ಲಿ ಹುಣ್ಣಾಗಿದೆಯಾ ಅಂಕಮ್ಮ?”

“ಒಂದು ಗುಳ್ಳೆನೂ ಇಲ್ಲ. ನೋಡ್ಕಳಿ ಬೇಕಾರೆ.”

ರಂಗನಾಯಕಿ ನೋಡಿದಳು. ನಾಲ್ಕು ತಿಂಗಳು ಮಲಗಿದವರ ಬೆನ್ನು ಹಾಗಿರುವುದಿಲ್ಲ. ಉಗುರು ಕತ್ತರಿಸಿತ್ತು. ನರೆಗೂದಲಿಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಿಗಿಯಾಗಿ ಜಡೆ ಹೆಣೆದಿತ್ತು.

“ಜಡೆ ನೀವು ಹಾಕಿದ್ದಾ?”

“ನಂಗೆಲ್ಲಿ ಬಿಡುವು? ಜವರನೇ ಹಾಕದು. ಗಂಜಿ ಕುಡ್ಸದೂ ಅವ್ನೇಯ. ತಂಗಿ ಮದ್ದೂರಿಂದ ಬಂದ್ರೆ ಮಾತ್ರ ಬಾಗ್ಲಲ್ಲೇ ಕುಂತ್ಕಂತಾನೆ. ತಾಯಿ ತಾವ ಆವಮ್ಮನ್ನ ಒಬ್ಳೇ ಬುಡಕಿಲ್ಲ.”

ರಂಗನಾಯಕಿ ಅದನ್ನು ಬರೆದುಕೊಂಡಳು. ಕಾವಲು ಕೂರುವವರಲ್ಲಿ ಎರಡು ಬಗೆ. ಒಬ್ಬ ಒಳಗಿನದನ್ನು ಕಾಯುತ್ತಾನೆ. ಇನ್ನೊಬ್ಬ ಒಳಗಿನದು ಹೊರಗೆ ಹೋಗದಂತೆ ಕಾಯುತ್ತಾನೆ. ಜವರಯ್ಯ ಯಾವ ಬಗೆಯವನೋ ತಿಳಿಯಲಿಲ್ಲ.

ಅಂಕಮ್ಮನನ್ನೂ ಕಳಿಸಿ ಅವಳು ಮಂಚದ ಅಂಚಿಗೆ ಕುಳಿತಳು.

ರಂಗನಾಯಕಿಯ ತಂದೆ ಕಸ್ತೂರಿರಂಗಾಚಾರ್ಯರು ತೀರಿಹೋಗಿ ಮೂರು ವರ್ಷವಾಗಿತ್ತು. ಕೊನೆಯ ಎರಡು ವರ್ಷ ಅವರು ಮಗಳನ್ನು ಗುರುತಿಸಲಿಲ್ಲ. ಸಂಸ್ಕೃತ ಪಾಠ ಹೇಳಿದ ಬಾಯಿ “ನೀನು ಯಾರ ಮನೆಯವಳಮ್ಮ?” ಎಂದು ದಿನಾ ಬೆಳಿಗ್ಗೆ ಕೇಳುತ್ತಿತ್ತು. ಒಳಗೆ ಯಾರೂ ಇಲ್ಲದ ಕಣ್ಣು ಹೇಗಿರುತ್ತದೆ ಎಂಬುದು ಅವಳಿಗೆ ಪುಸ್ತಕ ಓದಿ ತಿಳಿದದ್ದಲ್ಲ. ಆ ಕಣ್ಣು ಅಲೆಯುತ್ತದೆ, ಹುಡುಕುತ್ತದೆ, ಹೆದರುತ್ತದೆ. ಹೊಂಬಾಳಮ್ಮನ ಕಣ್ಣು ಅಲೆಯುತ್ತಿರಲಿಲ್ಲ. ಅದು ಒಂದೇ ಕಡೆ ಬಿಗಿಯಾಗಿ ನಿಂತಿತ್ತು, ಒಳಗಿನಿಂದ ಚಿಲಕ ಹಾಕಿಕೊಂಡ ಬಾಗಿಲಿನಂತೆ.

ಅವಳು ಒಂದು ಸುಳ್ಳು ಹೇಳಲು ನಿರ್ಧರಿಸಿದಳು.

ಕೈಯಲ್ಲಿದ್ದ ಅರ್ಜಿಯ ಪುಟ ತಿರುವಿ, ತನಗೆ ತಾನೇ ಓದಿಕೊಳ್ಳುವವಳಂತೆ ಹೇಳಿದಳು: “ಗೇಣಿದಾರ ಕೆಂಪಸಿದ್ದಯ್ಯ. ಇವರದು ಇನ್ನು ಬೇಕಿಲ್ಲ. ಹೋದ ವಾರ ತೀರಿಕೊಂಡರಲ್ಲ.”

ಮಂಚ ಕಿರುಗುಟ್ಟಿತು.

ಹೊಂಬಾಳಮ್ಮನ ಎಡಗೈ ಹಾಸಿದ್ದ ದುಪ್ಪಟಿಯನ್ನು ಹಿಡಿದು ಹಿಂಡಿತು. ಗೋಡೆ ಬಿಟ್ಟ ಕಣ್ಣು ನೇರವಾಗಿ ರಂಗನಾಯಕಿಯ ಮುಖಕ್ಕೆ ಬಂತು. ಗಂಟಲಿನಿಂದ ಒಂದು ದನಿ ಹೊರಟಿತು. ಅದು ಮಾತಲ್ಲ, ಆದರೆ ಅದು ದುಃಖ ಎಂದು ತಿಳಿಯಲು ಮಾತು ಬೇಕಿರಲಿಲ್ಲ.

ರಂಗನಾಯಕಿಗೆ ನಾಚಿಕೆಯಾಯಿತು.

“ಇಲ್ಲ ಅಮ್ಮ, ಇಲ್ಲ,” ಎಂದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಕೆಂಪಸಿದ್ದಯ್ಯ ಚೆನ್ನಾಗಿದ್ದಾರೆ. ನಾನು ಸುಳ್ಳು ಹೇಳಿದೆ. ನಿಮಗೆ ಕೇಳಿಸುತ್ತಾ ಅಂತ ನೋಡೋಕೆ ಹೇಳಿದೆ. ತಪ್ಪಾಯಿತು.”

ಮುದುಕಿ ಬಹಳ ಹೊತ್ತು ಅವಳನ್ನೇ ದಿಟ್ಟಿಸಿದಳು. ಸಿಕ್ಕಿಬಿದ್ದೆ ಎಂಬ ಸಿಟ್ಟು ಆ ನೋಟದಲ್ಲಿತ್ತು. ಸಿಟ್ಟಿನ ಹಿಂದೆ, ನಾಲ್ಕು ತಿಂಗಳಲ್ಲಿ ಮೊದಲ ಸಲ ಒಬ್ಬರು ತನ್ನ ಹತ್ತಿರ ಮಾತಾಡುತ್ತಿದ್ದಾರೆ ಎಂಬ ಸಮಾಧಾನವೂ ಇದ್ದಿರಬಹುದು.

“ಹೌದಾದರೆ ನನ್ನ ಬೆರಳು ಅದುಮಿ. ಅಲ್ಲವಾದರೆ ಸುಮ್ಮನಿರಿ. ನಿಮ್ಮನ್ನ ಈ ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರಾ?”

ಬೆರಳು ಅದುಮಿತು.

“ಅವತ್ತು ನೀವಾಗಿಯೇ ಕಾಲು ಜಾರಿ ಬಿದ್ದಿರಾ?”

ಕೈ ಸುಮ್ಮನಿತ್ತು.

“ಯಾರಾದರೂ ತಳ್ಳಿದರಾ?”

ಕೈ ಮೆಲ್ಲಗೆ ಜಾರಿ ಸೆರಗಿನೊಳಕ್ಕೆ ಹೋಯಿತು. ಹೊಂಬಾಳಮ್ಮ ಕಣ್ಣು ಮುಚ್ಚಿದಳು.

“ನಾಳೆ ಮಳವಳ್ಳಿಯಿಂದ ಪೊಲೀಸರು ಬರುತ್ತಾರೆ. ನಿಮ್ಮ ಮಗಳೇ ದೂರು ಕೊಟ್ಟಿದ್ದಾರೆ. ಅವರು ಕೇಳಿದರೆ ಹೇಳುತ್ತೀರಾ?”

ತಲೆ ಅಲ್ಲಾಡಿತು. ಒಂದು ಸಲ, ಇನ್ನೊಂದು ಸಲ, ಕತ್ತಿನ ನರ ಉಬ್ಬುವ ಹಾಗೆ. ಇಲ್ಲ. ಇಲ್ಲ. ಆಮೇಲೆ ಅವಳು ಮುಖವನ್ನು ಗೋಡೆಗೆ ಹೊರಳಿಸಿದಳು. ಮತ್ತೆ ಈ ಕಡೆ ತಿರುಗಲಿಲ್ಲ.

ರಂಗನಾಯಕಿ ನಡುಮನೆಗೆ ಬಂದು ಅಟ್ಟದ ಕೆಳಗೆ ನಿಂತಳು. ಒಂದೂವರೆ ಆಳೆತ್ತರ, ಕತ್ತಲೆ. ಆದರೆ ಅಟ್ಟದ ಆ ತುದಿಯಿಂದ ಬಿಸಿಲಿನ ಒಂದು ಚೂರು ತೂರಿ ಬರುತ್ತಿತ್ತು. ಅದು ಹಿತ್ತಿಲ ಮೆದೆಯಿಂದ ಹುಲ್ಲು ಎಳೆದುಕೊಳ್ಳುವ, ಒಬ್ಬರು ನುಸುಳುವಷ್ಟು ಅಗಲದ ಕಿಂಡಿ ಎಂದು ಅಲ್ಲಿದ್ದ ಅಂಕಮ್ಮ ಹೇಳಿದಳು. ಏಣಿ ಅಲ್ಲಿರಲಿಲ್ಲ. ಅದು ಯಾವಾಗಲೂ ಕೊಟ್ಟಿಗೆಯಲ್ಲೇ ಇರುವುದಂತೆ.

ಕೊಟ್ಟಿಗೆಯಲ್ಲಿ ಗೋಡೆಗೆ ಅಡ್ಡಲಾಗಿ ಮಲಗಿಸಿದ್ದ ಏಣಿಯ ಒಂದು ತುದಿಯನ್ನು ಎತ್ತಲು ಅವಳು ನೋಡಿದಳು. ಹುಣಸೆ ಮರದ್ದು. ನೆಲ ಬಿಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೊಮ್ಮೆ ನೋಡಿದಳು. ಮೊಣಕಾಲೆತ್ತರಕ್ಕೆ ಬಂದದ್ದು ಧಡ್ಡನೆ ಕೆಳಗೆ ಬಿತ್ತು. ಕಟ್ಟಿದ್ದ ಎಮ್ಮೆ ಬೆಚ್ಚಿ ಹಿಂದೆ ಸರಿಯಿತು.

“ಕೈಗೆ ಪೆಟ್ಟಾದಾತು, ಬುಡಿ,” ಎಂದ ಜವರಯ್ಯ ಬಾಗಿಲಲ್ಲಿ.

ಅವಳು ಧೂಳು ಕೊಡವಿಕೊಂಡಳು. “ಅವತ್ತು ಮನೆಯಲ್ಲಿ ನಿಮ್ಮ ತಾಯಿ ಒಬ್ಬರೇ ಇದ್ದರು ಅಂತ ಅರ್ಜಿಯಲ್ಲಿ ಬರೆಸಿದ್ದೀರಿ.”

“ಊಂ. ನನ್ನೆಂಡ್ರು ತೌರಿಗೆ ಓಗಿದ್ಲು. ನಾನು ಗದ್ದೆ ಕಡೆ ಇದ್ದೆ.”

“ಹಾಗಾದರೆ ಈ ಏಣಿಯನ್ನ ನಡುಮನೆಗೆ ತಂದು ನಿಲ್ಲಿಸಿದ್ದು ಯಾರು?”

“ಅವ್ವನೇ.”

“ಅರವತ್ತೆರಡು ವರ್ಷದ ಹೆಂಗಸು?”

ಜವರಯ್ಯ ಎಮ್ಮೆಯ ಮುಂದೆ ಹುಲ್ಲು ಹಾಕತೊಡಗಿದ. ಅದರ ಮುಂದೆ ಆಗಲೇ ಬೇಕಾದಷ್ಟು ಹುಲ್ಲಿತ್ತು.

“ಜವರಯ್ಯನವರೇ, ನಿಮ್ಮ ತಾಯಿಗೆ ಎಲ್ಲವೂ ಅರ್ಥವಾಗುತ್ತದೆ.”

“ಗೊತ್ತು.”

ರಂಗನಾಯಕಿ ಈ ಉತ್ತರಕ್ಕೆ ಸಿದ್ಧಳಾಗಿರಲಿಲ್ಲ.

“ಗೊತ್ತಿದ್ದೂ ಬುದ್ಧಿ ಸ್ವಾಧೀನವಿಲ್ಲ ಅಂತ ಪ್ರಮಾಣ ಮಾಡಿದಿರಾ?”

“ಮಾಡ್ದೆ. ಸುಳ್ಳು ಪ್ರಮಾಣ. ಜೈಲಿಗೆ ಆಕ್ತಾರಾ, ಆಕ್ಲಿ ಬುಡಿ.”

“ಗದ್ದೆ ಉಳಿಸಿಕೊಳ್ಳೋಕೆ?”

ಅವನು ಹುಲ್ಲಿನ ಕಂತೆ ಬಿಸಾಡಿ ತಿರುಗಿದ. “ಗದ್ದೆನಾ? ನನ್ನ ಗಾರ್ಡಿಯನ್ ಮಾಡಿ ಲಾಯರಮ್ಮ, ಮಾರನೇ ದಿನವೇ ಮಳವಳ್ಳಿಗೋಗಿ ಅವ್ವನ ಪರವಾಗಿ ಯೋಳಿ ಬತ್ತೀನಿ, ಗೇದೋನು ಸಿದ್ದಯ್ಯ, ನೆಲ ಸಿದ್ದಯ್ಯಂದು ಅಂತ. ಅವ್ವನ ಬಾಯಿಂದ ಬರ್ಬೇಕಾಗಿದ್ದ ಮಾತು ಅದು. ಬೆಟ್ಟಿ ಗಾರ್ಡಿಯನ್ ಆದ್ರೆ ಅದ ಯೋಳ್ತಾಳಾ, ಕೇಳಿ ನೋಡಿ.”

ಅವನ ದನಿ ನಡುಗಿತು. ನಡುಗುವ ದನಿಯಲ್ಲಿ ಸುಳ್ಳು ಹೇಳುವ ಕಕ್ಷಿಗಾರರನ್ನು ರಂಗನಾಯಕಿ ಎಂಟು ವರ್ಷದಲ್ಲಿ ಸಾಕಷ್ಟು ಕಂಡಿದ್ದಳು. ನಂಬಬೇಕೆನಿಸಿದಾಗಲೇ ಎಚ್ಚರವಿರಬೇಕೆಂದು ಕಲಿತಿದ್ದಳು.

“ಆ ಮಾತನ್ನ ನಿಮ್ಮ ತಾಯಿಯೇ ಹೇಳಬಹುದಲ್ಲ. ಬಾಯಿ ಹೋದರೆ ಕೈ ಇದೆ. ಒಂದು ಸನ್ನೆ ಸಾಕು.”

“ಒಂದು ಸನ್ನೆ ಮಾಡುದ್ರೆ ಎಲ್ಲಾ ಸನ್ನೆನೂ ಮಾಡುಸ್ತಾರೆ. ಏಣಿ ಯಾರು ತಂದ್ರು ಅಂತಾರೆ. ಯಾರು ತಳ್ಳುದ್ರು ಅಂತಾರೆ. ನಮ್ಮವ್ವಂಗೆ ಅದು ಬ್ಯಾಡ. ಬ್ಯಾಡ ಅಂತ ಕಣ್ಣಲ್ಲೇ ನಂಗೆ ಯೋಳವ್ಳೆ. ಅವಳ ಇಷ್ಟ ನಡ್ಸೋಕೆ ಅವಳ್ನ ಉಚ್ಚಿ ಅಂತ ಬರ್ಸುದ್ದೀನಿ. ಮಗ ಆದೋನು ಬರ್ಸೋ ಮಾತಾ ಅದು?”

“ಯಾರನ್ನ ಕಾಪಾಡುತ್ತಿದ್ದೀರಿ?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವನ ದೃಷ್ಟಿ ಅವಳ ಹಿಂದಕ್ಕೆ ಹೋಗಿ ನಿಂತಿತು.

ಕೊಟ್ಟಿಗೆಗೆ ತೆರೆಯುವ ಅಡುಗೆಮನೆಯ ಬಾಗಿಲಲ್ಲಿ ಬೆಟ್ಟಮ್ಮ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಾಫಿಯ ಮೇಲೆ ಕೆನೆ ಕಟ್ಟಿತ್ತು.

“ಕಾಪಿ ಕುಡೀರಿ ಲಾಯರಮ್ಮ,” ಎಂದಳು. ಆಗಿನ ಆರ್ಭಟ ಈಗ ಇರಲಿಲ್ಲ. “ಅವ್ವಂಗೆ ಗ್ಯಾನ ಅದೆ ಅಂತ ನಾನು ಯೋಳಿರ್ನಿಲ್ವಾ? ನಾಳೆ ಪೊಲೀಸ್ನೋರು ಬತ್ತಾರೆ. ಅಲ್ಲೀಗಂಟ ನಾನು ಇಲ್ಲೇ ಇರ್ತೀನಿ. ಅವ್ವನ ಮಗ್ಗುಲಲ್ಲೇ ಮಲೀಕತೀನಿ.”

“ನೀನು ಮದ್ದೂರಿಗೆ ಓಗು,” ಎಂದ ಜವರಯ್ಯ.

“ನನ್ ತಾಯಿ ಮನೆ ಇದು. ಓಗಕಿಲ್ಲ.”

ರಂಗನಾಯಕಿ ಕಾಫಿ ಬೇಡವೆಂದಳು.

ಮಳವಳ್ಳಿಯ ಬಸ್ ನಿಲ್ದಾಣದಲ್ಲಿ ಇಳಿದಾಗ ಮೂರು ಗಂಟೆ ದಾಟಿತ್ತು. ಮಂಡ್ಯದ ಬಸ್ಸಿಗೆ ಇನ್ನೂ ಸಮಯವಿತ್ತು. ಕಲ್ಲುಬೆಂಚಿನ ಮೇಲೆ ಕುಳಿತು ವರದಿಯ ಕಾಗದ ತೊಡೆಯ ಮೇಲೆ ಹರಡಿಕೊಂಡಳು.

ಬುದ್ಧಿ ಇದೆ ಎಂದು ಬರೆದರೆ ಪೊಲೀಸರು ಆ ಮಂಚ ಬಿಟ್ಟು ಕದಲುವುದಿಲ್ಲ. ಆ ತಾಯಿ ಯಾರನ್ನು ಮುಚ್ಚಿಟ್ಟುಕೊಂಡಿದ್ದಾಳೋ ಅವರನ್ನು ಅವಳ ಎಡಗೈಯಿಂದಲೇ ಹೊರಗೆ ಎಳೆಸುತ್ತಾರೆ. ಇಲ್ಲ ಎಂದು ಬರೆದರೆ ಹೊಂಬಾಳಮ್ಮ ಕೇಳಿಕೊಂಡದ್ದೇ ಸಿಗುತ್ತದೆ. ಮೌನ.

ಯಾರಿಗೂ ನೋವಾಗದು. ಪೆನ್ನಿನ ಒಂದು ಗೆರೆ.

ಆದರೆ ತಂದೆಯ ಕೊನೆಯ ದಿನಗಳಲ್ಲಿ ಅವಳು ಕಲಿತ ಇನ್ನೊಂದು ಪಾಠವಿತ್ತು. ಬುದ್ಧಿಯಿಲ್ಲ ಎಂದು ಒಮ್ಮೆ ಮನೆಯವರು ತೀರ್ಮಾನಿಸಿದ ಮೇಲೆ, ಆ ಮನುಷ್ಯ ಹಸಿವು ಎಂದರೂ ಯಾರೂ ನಂಬುವುದಿಲ್ಲ. ಈಗ ತಿಂದಿರಲ್ಲ ಎನ್ನುತ್ತಾರೆ. ಅವಳೇ ಎಷ್ಟೋ ಸಲ ಅಂದಿದ್ದಳು. ಹೊಂಬಾಳಮ್ಮ ತಾನಾಗಿ ಸುಮ್ಮನಿದ್ದರೆ ಅದು ಅವಳ ಹಕ್ಕು. ಬೇಡವೆನಿಸಿದ ದಿನ ಮುರಿಯಬಹುದು. ಕೋರ್ಟು ಮುದ್ರೆ ಒತ್ತಿದ ಮೌನವನ್ನು ಮುರಿಯಲು ಅವಳಿಂದ ಆಗದು.

ರಂಗನಾಯಕಿ ಬರೆದಳು: ಮಾತು ಹೋಗಿದೆ, ತಿಳಿವಳಿಕೆ ಹೋಗಿಲ್ಲ. ಈಕೆಗೆ ಪಾಲಕರನ್ನು ನೇಮಿಸುವ ಅಗತ್ಯ ನನಗೆ ಕಾಣಲಿಲ್ಲ.

ರುಜು ಹಾಕಿ ತಲೆಯೆತ್ತಿದಾಗ ಎದುರಿಗೆ ಒಬ್ಬ ಮುದುಕ ನಿಂತಿದ್ದ. ಮೊಣಕಾಲವರೆಗಿನ ಪಂಚೆ, ತಲೆಗೆ ಸುತ್ತಿದ್ದ ವಸ್ತ್ರ ಕೈಗೆ ಬಂದಿತ್ತು. ಕಿರುಗಾವಲಿನಿಂದ ಅದೇ ಬಸ್ಸಿನಲ್ಲಿ ಹಿಂದಿನ ಬಾಗಿಲ ಬಳಿ ನಿಂತು ಬಂದವನು.

“ಅಮ್ಮಾರೇ, ನಾನು ಕೆಂಪಸಿದ್ದಯ್ಯ.”

ಬೆಳಿಗ್ಗೆ ಬಾಯಿಮಾತಿಗೆ ಕೊಂದಿದ್ದ ಮನುಷ್ಯ. ಅವಳು ಬೆಂಚಿನ ಮೇಲೆ ಸರಿದು ಜಾಗ ಬಿಟ್ಟಳು. “ಕೂತುಕೊಳ್ಳಿ.”

ಅವನು ಕೂರಲಿಲ್ಲ. “ಊರಲ್ಲಿ ಮಾತಾಡುಸ್ಬಾರ್ದು ಅಂತ ಜವರಪ್ಪ ಯೋಳಿತ್ತು. ಅದ್ಕೇ ಬಸ್ ಅತ್ಕಂಡು ಬಂದೆ.” ಸುತ್ತ ನೋಡಿ ದನಿ ತಗ್ಗಿಸಿದ. “ಆವತ್ತು ಏಣಿ ತಂದು ನಿಲ್ಸುದೋನು ನಾನು. ಕೆಳಗೆ ನಿಂತು ಇಡ್ಕಂಡಿದ್ದೋನೂ ನಾನೇ.”

“ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?”

“ಯೋಳುದ್ರೆ ಯಾರು ನಂಬಾರು? ಅರ್ಜಿ ಆಕಿರೋನು ನಾನು, ಮನೇಲಿ ಇದ್ದೋನು ನಾನು, ಬಿದ್ದಿರೋರು ಗೌಡ್ತವ್ವ. ‘ನೀನು ಇದ್ದೆ ಅಂತ ಗೊತ್ತಾದ್ರೆ ಠಾಣೇಲಿ ಮೂಳೆ ಮುರೀತಾರೆ ಸಿದ್ದಯ್ಯ, ಬಾಯ್ ಬುಡಬ್ಯಾಡ,’ ಅಂತು ಜವರಪ್ಪ. ನನ್ನ ಉಳ್ಸೋಕೇ ಆವಯ್ಯ ಕೋರ್ಟಿಗೋಗಿರೋದು.”

ಕೊಟ್ಟಿಗೆಯಲ್ಲಿ ಜವರಯ್ಯ ಅಂದದ್ದು ನಿಜವಿರಬಹುದು. ರಂಗನಾಯಕಿಯ ಎದೆಯ ಭಾರ ಒಂದಿಷ್ಟು ಇಳಿಯಿತು. “ಹಾಗಾದರೆ ಅವರು ತಾವಾಗಿಯೇ ಬಿದ್ದರಾ? ಯಾರೂ ತಳ್ಳಲಿಲ್ಲವಾ?”

ಕೆಂಪಸಿದ್ದಯ್ಯ ವಸ್ತ್ರದಿಂದ ಮುಖ ಒರೆಸಿಕೊಂಡ.

“ಇದ್ನ ಜವರಪ್ಪಂಗೂ ಯೋಳಿಲ್ಲ ತಾಯಿ. ಎಂಗೆ ಯೋಳಲಿ?”

“ನನಗೆ ಹೇಳಿ.”

“ಗೌಡ್ತವ್ವ ಮ್ಯಾಕತ್ತಿ ಪೆಟ್ಗೆ ತಗುದ್ರು. ‘ಚೀಟಿ ಸಿಕ್ತು ಕಣೋ ಸಿದ್ದಯ್ಯ’ ಅಂತ ಕೂಗುದ್ರು. ಇಳೀಲಿ ಅಂತ ನಾನು ಏಣಿ ಬಿಗ್ಯಾಗಿ ಇಡ್ಕಂಡೆ. ಅವ್ರು ಇಳೀನಿಲ್ಲ. ಅಟ್ಟದ ಆ ತುದಿ ಕಡೆ, ಕಿಂಡಿ ತಾವ, ಹುಲ್ಲು ಸರಸರ ಅಂತು. ಗೌಡ್ತವ್ವ ಆ ಕಡೆಗೆ ತಿರುಗಿ ಮಾತಾಡುಸುದ್ರು. ಅಟ್ಟದ ಮ್ಯಾಲೆ ಅವ್ರು ಒಬ್ರೇ ಇರ್ನಿಲ್ಲ ತಾಯಿ.”

ಮಂಡ್ಯದ ಬಸ್ಸು ಒಳಗೆ ಬಂತು. ಜನ ನುಗ್ಗಿದರು. ರಂಗನಾಯಕಿ ಅಲುಗಲಿಲ್ಲ.

“ಏನಂತ ಮಾತಾಡಿಸಿದರು?”

“‘ನೀನ್ಯಾವಾಗ ಬಂದೆ ಮಗ?’ ಅಂದ್ರು. ಅಷ್ಟೇ. ಆಮೇಲೆ ನನ್ ಕಾಲ್ ತಾವ ಬಿದ್ದಿದ್ರು.”

“ಮಗ! ಜವರಯ್ಯ?”

“ಅದೇ ತಾಯಿ ನಂಗೆ ಗೊತ್ತಾಗ್ದೇ ಇರೋದು. ನಾನು ಬೀದಿಗೆ ಓಡ್ದಾಗ ಜವರಪ್ಪ ಹಿತ್ತಿಲ ಕಡೆಯಿಂದ್ಲೇ ಓಡ್ಬಂತು, ಗದ್ದೆ ಕಡೆಯಿಂದಲ್ಲ. ದಿಟ. ಆದ್ರೆ ಮದ್ದೂರಿಗೆ ಇನ್ನೂ ಸುದ್ದಿನೇ ಓಗಿರ್ನಿಲ್ಲ, ಅಷ್ಟರಲ್ಲೇ ಬೆಟ್ಟಮ್ಮನೋರೂ ಬಾಗ್ಲಲ್ಲಿ ನಿಂತಿದ್ರು.”

“ಆದರೆ ‘ಮಗ’ ಅಂದರಲ್ಲ?”

ಮುದುಕ ಅವಳನ್ನು ಮರುಕದಿಂದ ನೋಡಿದ.

“ನಮ್ಮ ಕಡೆ ಎಣ್ಮಕ್ಳನ್ನೂ ಮಗ ಅಂತ್ಲೇ ಕರೀದು ಅಮ್ಮಾರೇ. ಗೌಡ್ತವ್ವ ಇಬ್ರನ್ನೂ ಅಂಗೇ ಕರೀತಿದ್ರು.”

ರಂಗನಾಯಕಿ ಎದ್ದು ನಿಂತಳು. ತಾಯಿಗೆ ತಿಳಿವಳಿಕೆ ಇದೆ, ಸನ್ನೆಯಲ್ಲಿ ಹೇಳಬಲ್ಲಳು ಎಂಬುದನ್ನು ಆ ಮನೆಯ ಕೊಟ್ಟಿಗೆಯಲ್ಲಿ ಅವಳೇ ಗಟ್ಟಿಯಾಗಿ ಆಡಿ ಬಂದಿದ್ದಳು. ಇಬ್ಬರೂ ಕೇಳಿಸಿಕೊಂಡಿದ್ದರು. ಇಬ್ಬರೂ ಈಗ ಅಲ್ಲೇ ಇದ್ದರು.

“ಕಿರುಗಾವಲಿಗೆ ಬಸ್ಸು ಯಾವಾಗ?”

“ಈಗ್ತಾನೇ ಓಯ್ತಲ್ಲಾ ತಾಯಿ,” ಎಂದ ಕೆಂಪಸಿದ್ದಯ್ಯ. “ಇನ್ನು ಐದೂವರೆಗೆ.”